ತಾಲೂಕು ರೆಕಾರ್ಡ್ ರೂಂನಿಂದ ಹಳೆ ಜಮೀನಿನ ಕಾಗದ ತೆಗೆಸುವುದು ಹೇಗೆ?

ತುಂಗೆಯ ದಂಡೆ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗ ಜಿಲ್ಲೆಯ ಒಂದು ಹಳ್ಳಿಯಲ್ಲಿ ನಮ್ಮದು 2 ಎಕರೆ 14 ಗುಂಟೆ ಗದ್ದೆ ಇದೆ. ಅಜ್ಜ ಅದನ್ನು ಗೇಣಿಗೆ ಮಾಡುತ್ತಿದ್ದರು. ಉಳುವವನೇ ಹೊಲದೊಡೆಯ ಬಂದಾಗ ಡಿಕ್ಲರೇಷನ್ ಹಾಕಿದರು, ಗದ್ದೆ ಅವರ ಹೆಸರಿಗೆ ಆಯಿತು. ಅವರ ನಂತರ ಅಪ್ಪನ ಹೆಸರಿಗೆ ಪಹಣಿ ಬಂದಿದೆ. ಈಗ ಅಪ್ಪ, ಚಿಕ್ಕಪ್ಪಂದಿರು ಪಾಲು ಮಾಡಿಕೊಳ್ಳಲು ಹೊರಟಿದ್ದಾರೆ. ವಕೀಲರು ಟ್ರಿಬ್ಯುನಲ್ (ಗೇಣಿ ಅರ್ಜಿ ತೀರ್ಮಾನಿಸಿದ ಭೂ ನ್ಯಾಯಮಂಡಳಿ) ಆದೇಶ ಮತ್ತು ಫಾರಂ 10 (ಗದ್ದೆ ಅಜ್ಜನದಾಯಿತು ಎಂಬ ಪ್ರಮಾಣಪತ್ರ) ಎರಡೂ ಬೇಕೇ ಬೇಕು ಎನ್ನುತ್ತಾರೆ. ಮನೆಯಲ್ಲಿದ್ದ ಕಾಗದವನ್ನೆಲ್ಲ ಗೆದ್ದಲು ತಿಂದಿದೆ.

ತಾಲೂಕು ಕಚೇರಿಯಲ್ಲಿ ಕೇಳಿದ್ದಕ್ಕೆ "ಕಡತದ ನಂಬರ್ ತನ್ನಿ, ಹುಡುಕೋಣ" ಅಂದರು. ಯಾವ ನಂಬರ್? ಅದು ಎಲ್ಲಿ ಸಿಗುತ್ತದೆ? ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ, ಪದೇ ಪದೇ ರಜೆ ಸಿಗುವುದಿಲ್ಲ. ಗೊತ್ತಿರುವವರು ದಯವಿಟ್ಟು ದಾರಿ ತೋರಿಸಿ.

ಹಳೇ ಕಡತ

ನಾನು ಕಂದಾಯ ಇಲಾಖೆಯಿಂದ ನಿವೃತ್ತನಾದವನು. ಕೆಲವು ವರ್ಷ ರೆಕಾರ್ಡ್ ರೂಂ ಜವಾಬ್ದಾರಿಯೂ ನನ್ನದೇ ಇತ್ತು. ಆ ಕೋಣೆಯಲ್ಲಿ ಕಡತಗಳನ್ನು ಕಟ್ಟಿಡುವುದು ವರ್ಷ ಮತ್ತು ನಂಬರ್ ಪ್ರಕಾರ. ನಿಮ್ಮ ಅಜ್ಜನ ಹೆಸರಿನ ಗಂಟು ಅಲ್ಲಿ ಇರುವುದಿಲ್ಲ. "ನಮ್ಮ ಜಮೀನಿನ ಎಲ್ಲಾ ದಾಖಲೆ ಕೊಡಿ" ಎಂದು ಅರ್ಜಿ ಬರೆದರೆ, ಸಹಾಯ ಮಾಡುವ ಮನಸ್ಸಿರುವ ಗುಮಾಸ್ತರಿಗೂ ಯಾವ ಗಂಟು ಬಿಚ್ಚಬೇಕು ಎಂದು ತಿಳಿಯುವುದಿಲ್ಲ. ನಂಬರ್ ಹುಡುಕುವುದೇ ಅರ್ಧ ಕೆಲಸ. ಅದನ್ನು ನೀವು ಬೆಂಗಳೂರಿನಲ್ಲಿ ಕೂತೇ ಶುರು ಮಾಡಬಹುದು.

ಈಗಿನ ಪಹಣಿ ತೆಗೆದುಕೊಳ್ಳಿ. 9ನೇ ಕಾಲಂನಲ್ಲಿ ಮಾಲೀಕರ ಹೆಸರು ಇರುತ್ತದೆ. ಜನ ಅಷ್ಟು ನೋಡಿ ಮಡಚಿ ಇಡುತ್ತಾರೆ. ಪಕ್ಕದ 10ನೇ ಕಾಲಂ ನೋಡಿ. ಆ ಹೆಸರು ಅಲ್ಲಿಗೆ ಹೇಗೆ ಬಂತು ಎಂದು ಅಲ್ಲಿ ಬರೆದಿರುತ್ತದೆ. "ಎಂ.ಆರ್." ಎಂದು ಒಂದು ನಂಬರ್, ಜೊತೆಗೆ ಒಂದು ವರ್ಷ. ಅದು ಮ್ಯುಟೇಷನ್ ರಿಜಿಸ್ಟರಿನ, ಅಂದರೆ ಖಾತೆ ಬದಲಾವಣೆ ಪುಸ್ತಕದ ನಂಬರ್. ನಿಮ್ಮ ಅಪ್ಪನಿಗೆ ಪೌತಿ ಖಾತೆ (ತೀರಿಕೊಂಡವರಿಂದ ವಾರಸುದಾರರಿಗೆ ಖಾತೆ ಬದಲಾವಣೆ) ಆದಾಗಿನ ಎಂ.ಆರ್. ನಕಲು ತೆಗೆಸಿದರೆ, ಅದರಲ್ಲಿ ಅಜ್ಜನ ಖಾತೆಯ ವಿವರ ಇರುತ್ತದೆ. ಅಲ್ಲಿಂದ ಅಜ್ಜನ ಹೆಸರು ಇರುವ ಹಳೆ ಪಹಣಿಗೆ ಹೋಗಿ. ಅದರಲ್ಲಿ ಅಜ್ಜನ ಹೆಸರು ಮೊದಲ ಸಲ ಬಂದ ವರ್ಷ ಹಿಡಿಯಿರಿ. ಆ ವರ್ಷದ ಎಂ.ಆರ್. ಪುಟದಲ್ಲಿ ಟ್ರಿಬ್ಯುನಲ್ ಕೇಸಿನ ನಂಬರ್ ಮತ್ತು ಆದೇಶದ ತಾರೀಕು ಬರೆದಿರಬೇಕು. ಸಾಮಾನ್ಯವಾಗಿ "ಎಲ್.ಆರ್." ಅಂತ ಶುರುವಾಗುತ್ತದೆ. ಕಚೇರಿಯವರು ತನ್ನಿ ಎಂದದ್ದು ಅದೇ ನಂಬರ್.

ವರ್ಷದ ಅಂದಾಜಿಗೆ ಇನ್ನೊಂದು ವಿಷಯ. ಗೇಣಿ ಜಮೀನು ಸರ್ಕಾರಕ್ಕೆ ಸೇರಿದ್ದು 1974ರ ಮಾರ್ಚ್ 1ರಿಂದ. ನಮೂನೆ 7, ಅಂದರೆ ಜನ ಹೇಳುವ ಡಿಕ್ಲರೇಷನ್, ಅದನ್ನು ಹಾಕಲು ಕೊನೆಯ ದಿನ ಮುಂದೆ ಹೋಗುತ್ತಾ ಹೋಗಿ 1979ರ ಜೂನ್ 30ಕ್ಕೆ ನಿಂತಿತು. ಹಾಗಾಗಿ ಅಜ್ಜನ ಅರ್ಜಿ ಈ ಎರಡು ತಾರೀಕಿನ ನಡುವಿನದ್ದು. ಆದೇಶ ಮಾತ್ರ 80ರ ದಶಕಕ್ಕೂ ಹೋಗಿರಬಹುದು. ಮಾಲೀಕರು ತಕರಾರು ಮಾಡಿದ ಕೇಸುಗಳು ಬಹಳ ಎಳೆದವು.

ಕಾವೇರಿ ಕಡೆಯವಳು

ಸರ್, ಒಂದು ಪ್ರಶ್ನೆ. ಆನ್‌ಲೈನ್‌ನಲ್ಲಿ ನೋಡಿದರೆ ಪಹಣಿ ಒಂದು ಹಂತಕ್ಕಿಂತ ಹಿಂದೆ ಹೋಗುವುದೇ ಇಲ್ಲ. ಅದಕ್ಕಿಂತ ಹಳೆಯದು ಎಲ್ಲಿರುತ್ತದೆ?

ಹಳೇ ಕಡತ

2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಬಂದು ಪಹಣಿ ಕಂಪ್ಯೂಟರಿಗೆ ಹೋಯಿತು ಮೇಡಂ. ಅದಕ್ಕಿಂತ ಹಿಂದಿನದ್ದು ಕೈಬರಹದ ಪಹಣಿ. ಗ್ರಾಮ ಲೆಕ್ಕಿಗರು ಬರೆದದ್ದು. ಆ ಪುಸ್ತಕಗಳು ತಾಲೂಕು ರೆಕಾರ್ಡ್ ರೂಂನಲ್ಲಿ ಹೋಬಳಿ, ಗ್ರಾಮದ ಪ್ರಕಾರ ಇರುತ್ತವೆ. ಒಂದೇ ಹಾಳೆಯಲ್ಲಿ ಕೆಲವು ವರ್ಷಗಳ ಬೆಳೆ ವಿವರ ಸಿಗುತ್ತದೆ. 12ನೇ ಕಾಲಂನಲ್ಲಿ ಉಳುಮೆ ಮಾಡುತ್ತಿದ್ದವರ ಹೆಸರು ನೋಡಿ. ಗೇಣಿದಾರರ ಮನೆಯವರಿಗೆ ಆ ಕಾಲಂ ಬಹಳ ಮುಖ್ಯ.

ಹಳೆ ಮೈಸೂರು ಕಡೆ ಇನ್ನೂ ಹಿಂದಕ್ಕೆ ಹೋಗಬೇಕಾದರೆ ಐ.ಎಲ್. ಮತ್ತು ಆರ್.ಆರ್. ಕೇಳಿ. ಇಂಡೆಕ್ಸ್ ಆಫ್ ಲ್ಯಾಂಡ್ಸ್ ಮತ್ತು ರೆಕಾರ್ಡ್ ಆಫ್ ರೈಟ್ಸ್. ಸರ್ವೆ ನಂಬರ್ ಹೇಳಿದರೆ ಐ.ಎಲ್.ನಲ್ಲಿ ಆರ್.ಆರ್. ನಂಬರ್ ಸಿಗುತ್ತದೆ. ಆರ್.ಆರ್. ಪುಟದಲ್ಲಿ ಜಮೀನು ಹೇಗೆ ಬಂತು ಎಂಬ ವಿವರ. ಶಾನುಭೋಗರ ಕಾಲದ ಬರಹ ಅಂದರೆ ಇದೇ. ಶಾನುಭೋಗಿಕೆ 1963ರ ಫೆಬ್ರವರಿಯಲ್ಲಿ ರದ್ದಾಯಿತು. ಆಗ ಅವರ ಮನೆಯಲ್ಲಿದ್ದ ಪುಸ್ತಕಗಳು ಸರ್ಕಾರದ ಕೈಗೆ ಬಂದವು. ಎಲ್ಲವೂ ಬಂದವು ಎಂದು ಹೇಳುವುದು ಕಷ್ಟ.

ತಾಲೂಕು, ಜಿಲ್ಲೆ ಒಡೆದ ಕಡೆ ಒಂದು ಎಚ್ಚರ. 1997ರಲ್ಲಿ ಉಡುಪಿ, ದಾವಣಗೆರೆ, ಹಾವೇರಿ, ಗದಗ, ಕೊಪ್ಪಳ, ಬಾಗಲಕೋಟೆ, ಚಾಮರಾಜನಗರ ಹೊಸ ಜಿಲ್ಲೆಗಳಾದವು. ರಾಮನಗರ, ಚಿಕ್ಕಬಳ್ಳಾಪುರ 2007ರಲ್ಲಿ. ಆಮೇಲೆ ಹೊಸ ತಾಲೂಕುಗಳೂ ಸಾಕಷ್ಟು ಬಂದವು. ನಿಮ್ಮ ಹಳ್ಳಿ ಈಗ ಹೊಸ ತಾಲೂಕಿನಲ್ಲಿದ್ದರೂ ಹಳೆ ಕಡತ ಹಳೆ ತಾಲೂಕಿನ ಕಪಾಟಿನಲ್ಲೇ ಕೂತಿರಬಹುದು. 1978ರಲ್ಲಿ ಆ ಹಳ್ಳಿ ಯಾವ ತಾಲೂಕು, ಯಾವ ಹೋಬಳಿ ಎಂದು ಮೊದಲು ತಿಳಿದುಕೊಳ್ಳಿ.

ಸರಪಳಿ

ನಾನು ಲೈಸೆನ್ಸ್ ಸರ್ವೇಯರ್. ಎಲ್ಲರೂ ತಹಸೀಲ್ದಾರ್ ಕಚೇರಿ ಬಗ್ಗೆಯೇ ಮಾತಾಡುತ್ತಿದ್ದೀರಿ. ಜಮೀನಿನ ಅಳತೆ ಕಾಗದ ಅಲ್ಲಿ ಇರುವುದಿಲ್ಲ. ಅದು ಭೂದಾಖಲೆಗಳ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ, ಎಡಿಎಲ್‌ಆರ್ ಎಂದರೆ ಯಾರಾದರೂ ತೋರಿಸುತ್ತಾರೆ. ಎಷ್ಟೋ ಊರಲ್ಲಿ ತಾಲೂಕು ಕಚೇರಿಯ ಕಟ್ಟಡದಲ್ಲೇ ಇರುತ್ತದೆ, ಆದರೆ ಅರ್ಜಿ ಬೇರೆ, ರೆಕಾರ್ಡ್ ರೂಂ ಬೇರೆ.

ಅಲ್ಲಿ ಮೂರು ಕಾಗದ ಕೇಳಿ: ಮೂಲ ಟಿಪ್ಪಣಿ, ಆಕಾರಬಂದ್, ಗ್ರಾಮ ನಕಾಶೆ. ಹಿಸ್ಸಾ ಆಗಿದ್ದರೆ, ಅಂದರೆ ಸರ್ವೆ ನಂಬರ್ ಒಡೆದು ಭಾಗವಾಗಿದ್ದರೆ, ಹಿಸ್ಸಾ ಟಿಪ್ಪಣಿಯನ್ನೂ ಸೇರಿಸಿ. ಟಿಪ್ಪಣಿ ಅಂದರೆ ಅಳೆದವರು ಹೊಲದಲ್ಲಿ ನಿಂತು ಬರೆದ ಚಿತ್ರ ಮತ್ತು ಅಳತೆ. ಹಳೆ ಟಿಪ್ಪಣಿಯಲ್ಲಿ ಅಳತೆ ಸರಪಳಿ ಮತ್ತು ಆಣೆಯಲ್ಲಿ ಇರುತ್ತದೆ. ಒಂದು ಸರಪಳಿ 33 ಅಡಿ, 16 ಆಣೆಗೆ ಒಂದು ಸರಪಳಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಅಂದರೆ 1,089 ಚದರ ಅಡಿ. ಅದೇ ಒಂದು ಗುಂಟೆ. 40 ಗುಂಟೆಗೆ ಎಕರೆ. ಇದು ಗೊತ್ತಿದ್ದರೆ ಆ ಹಳೆ ಚಿತ್ರವನ್ನು ನೀವೇ ಓದಬಹುದು.

ಆಕಾರಬಂದ್‌ನಲ್ಲಿ ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ, ಖರಾಬು (ಸಾಗುವಳಿಗೆ ಬಾರದ ಜಾಗ), ಕಂದಾಯ ಇರುತ್ತದೆ. ಅದನ್ನು ಪಹಣಿಯ 3ನೇ ಕಾಲಂ ಜೊತೆ ತಾಳೆ ನೋಡಿ. ಎರಡೂ ಕೂಡದಿದ್ದರೆ ಪಾಲಿನ ಸಮಯದಲ್ಲಿ 11ಇ ನಕ್ಷೆ (ಪ್ರತಿ ಪಾಲನ್ನು ಅಳೆದು ತೋರಿಸುವ ಸರ್ವೆ ನಕ್ಷೆ) ಅಲ್ಲೇ ನಿಲ್ಲುತ್ತದೆ. ತುಂಗೆಯ ದಂಡೆ ಅವರೇ, ನಿಮ್ಮ ಮನೆಯಲ್ಲಿ ಪಾಲು ಆಗಬೇಕಲ್ವಾ? ಇದನ್ನು ಈಗಲೇ ನೋಡಿಬಿಡಿ. ಆಮೇಲೆ ಗೊತ್ತಾದರೆ ಎಲ್ಲರೂ ಸಹಿ ಹಾಕಲು ಕೂತಾಗ ಕೆಲಸ ನಿಲ್ಲುತ್ತದೆ.

ಸರ್ವೆ ನಂಬರೇ ಗೊತ್ತಿಲ್ಲದವರಿಗೆ ದಿಶಾಂಕ್ ಆ್ಯಪ್ ಇದೆ. ಹೊಲದಲ್ಲಿ ನಿಂತು ತೆರೆದರೆ ಸರ್ವೆ ನಂಬರ್ ತೋರಿಸುತ್ತದೆ. ಗಡಿ ಅಷ್ಟು ಇಷ್ಟು ಆಚೀಚೆ ಇರುತ್ತದೆ, ಬದು ಜಗಳಕ್ಕೆ ಅದನ್ನು ಸಾಕ್ಷಿ ಮಾಡಬೇಡಿ.

ದೇಸಾಯಿ ಓಣಿ

ಬೆಳಗಾವಿ, ಧಾರವಾಡ ಕಡೆಯವರಿಗೆ: ನಮ್ಮಲ್ಲಿ ಪಹಣಿಗೆ ಉತಾರ ಅಂತಾರೆ. ಎಂ.ಆರ್. ಅಂತ ಹುಡುಕಿದರೆ ಹಳೆ ಕಾಗದದಲ್ಲಿ ಸಿಗುವುದಿಲ್ಲ, ಎಂ.ಇ. (ಮ್ಯುಟೇಷನ್ ಎಂಟ್ರಿ) ನಂಬರ್ ಅಂತ ಇರುತ್ತದೆ. 1956ಕ್ಕೆ ಮೊದಲು ನಾವು ಮುಂಬಯಿ ಪ್ರಾಂತ್ಯದಲ್ಲಿದ್ದೆವು, ಪದ್ಧತಿ ಅಲ್ಲಿಯದು. ಸರ್ವೆ ಕಾಗದದಲ್ಲಿ ಕಮಿ ಜಾಸ್ತಿ ಪತ್ರಕ ಕೇಳಿ, ಕ್ಷೇತ್ರ ಯಾಕೆ ಹೆಚ್ಚು ಕಡಿಮೆ ಆಯಿತು ಅನ್ನುವುದು ಅದರಲ್ಲಿ ತಿಳಿಯುತ್ತದೆ. ಬಹಳ ಹಳೆಯದು ಮರಾಠಿಯಲ್ಲಿ, ಅದೂ ಮೋಡಿ ಲಿಪಿಯಲ್ಲಿ ಇರಬಹುದು. ಓದುವ ಹಿರಿಯರು ಕಡಿಮೆ ಆಗಿದ್ದಾರೆ. ಸಿಕ್ಕಿದಾಗ ಓದಿಸಿ ಇಟ್ಟುಕೊಳ್ಳಿ.

ಭೀಮಾ ತೀರ

ಕಲಬುರಗಿ, ಬೀದರ್, ರಾಯಚೂರು ಕಡೆ ಹೈದರಾಬಾದ್ ರಾಜ್ಯದ ದಾಖಲೆ. ಉರ್ದುವಿನಲ್ಲಿ ಇರುತ್ತದೆ. ನಮ್ಮಲ್ಲಿ ಹಳೆ ತಕರಾರು ಬಂದರೆ ಎಲ್ಲರೂ ಕೇಳುವುದು ಖಾಸ್ರಾ ಪಹಣಿ, 1954-55ರದ್ದು. ಆ ಒಂದು ವರ್ಷದ ಪುಸ್ತಕಕ್ಕೆ ಇಂದಿಗೂ ತೂಕ ಇದೆ. ಸೇತ್ವಾರ್ (ಸರ್ವೆ ನಂಬರ್ ವಾರು ವಿಸ್ತೀರ್ಣ, ಹಕ್ಕುದಾರರ ಹಳೆ ಸರ್ವೆ ಪಟ್ಟಿ) ಕೂಡ ಕೇಳಿ. ಇಂಥ ವರ್ಷ, ಇಂಥ ಸರ್ವೆ ನಂಬರ್ ಎಂದು ಖಚಿತವಾಗಿ ಬರೆದರೆ ಉತ್ತರ ಬೇಗ ಬರುತ್ತದೆ.

ಪುತ್ತೂರಿನಿಂದ

ದಕ್ಷಿಣ ಕನ್ನಡ, ಉಡುಪಿಯವರು ಅಡಂಗಲ್ (ಪಹಣಿಯಂಥ ಹಳೆ ಸಾಗುವಳಿ ಲೆಕ್ಕ) ಮತ್ತು ಎಫ್.ಎಂ.ಬಿ. (ಹೊಲದ ಅಳತೆ ಪುಸ್ತಕ) ಎಂದು ಕೇಳಬೇಕು. ನಾವು ಮದರಾಸು ಪ್ರಾಂತ್ಯದವರಾಗಿದ್ದೆವು. ವಿಸ್ತೀರ್ಣವೂ ಇಲ್ಲಿ ಸೆಂಟ್ಸ್‌ನಲ್ಲಿ, 100 ಸೆಂಟ್ಸ್‌ಗೆ ಒಂದು ಎಕರೆ. ಗುಂಟೆ ಲೆಕ್ಕ ಹಾಕಿ ತಲೆ ಕೆಡಿಸಿಕೊಳ್ಳಬೇಡಿ. ಗೇಣಿ ಜಮೀನು ನಮ್ಮ ಜಿಲ್ಲೆಯಲ್ಲಿ ಬಹಳ ಇತ್ತು, ಡಿಕ್ಲರೇಷನ್ ಕಡತಗಳ ರಾಶಿಯೇ ಇದೆ. ಚಾಲಗೇಣಿಯೋ (ವರ್ಷ ವರ್ಷದ ಗೇಣಿ) ಮೂಲಗೇಣಿಯೋ (ಶಾಶ್ವತ ಗೇಣಿ) ಎಂದು ಮನೆಯ ಹಿರಿಯರನ್ನು ಕೇಳಿಕೊಂಡು ಹೋಗಿ. ಹಳೆ ಗೇಣಿ ಚೀಟಿ ಏನಾದರೂ ಉಳಿದಿದ್ದರೆ ಅದರಲ್ಲಿ ಧನಿಗಳ ಹೆಸರು ಸಿಗುತ್ತದೆ. ಟ್ರಿಬ್ಯುನಲ್ ರಿಜಿಸ್ಟರಿನಲ್ಲಿ ಹುಡುಕಲು ಆ ಹೆಸರೂ ಉಪಯೋಗ.

ತುಂಗೆಯ ದಂಡೆ

ಎಲ್ಲರಿಗೂ ತುಂಬಾ ಧನ್ಯವಾದ. 10ನೇ ಕಾಲಂ ನೋಡಿದೆ, ಎಂ.ಆರ್. ನಂಬರ್ ಇದೆ! ಇಷ್ಟು ವರ್ಷ ಕೈಯಲ್ಲೇ ಇದ್ದ ಕಾಗದ. ಮುಂದಿನ ಅರ್ಜಿ ಹೇಗೆ ಹಾಕಲಿ? ಪಕ್ಕದ ಮನೆಯವರು ನೇರ ಆರ್‌ಟಿಐ ಹಾಕು ಎನ್ನುತ್ತಾರೆ. ಇನ್ನೊಬ್ಬರು ಹಾಗೆ ಮಾಡಿದರೆ ಕಚೇರಿಯವರು ಸಿಟ್ಟಾಗುತ್ತಾರೆ, ಕೆಲಸ ಕೆಡುತ್ತದೆ ಎನ್ನುತ್ತಾರೆ.

ಊರ ಮಾಹಿತಿ

ನಾನು ನಮ್ಮ ಊರಿನವರಿಗೆ ಮಾಹಿತಿ ಹಕ್ಕಿನ ಅರ್ಜಿ ಬರೆದುಕೊಡುತ್ತೇನೆ. ನನ್ನ ಅಭಿಪ್ರಾಯ ಕೇಳಿದರೆ, ನಂಬರ್ ಗೊತ್ತಿದ್ದರೆ ಮೊದಲು ನಕಲು ಅರ್ಜಿ. ನಂಬರ್ ಗೊತ್ತಿಲ್ಲದಿದ್ದರೆ, ಅಥವಾ ನಕಲು ಅರ್ಜಿಗೆ ಉತ್ತರ ಬಾರದಿದ್ದರೆ ಆರ್‌ಟಿಐ.

ನಕಲು ಅರ್ಜಿಯಿಂದ ಸಿಗುವುದು ದೃಢೀಕೃತ ನಕಲು. ಕೊನೆಯಲ್ಲಿ "ಇದು ಸರಿಯಾದ ನಕಲು" ಎಂಬ ಒಕ್ಕಣೆ, ತಾರೀಕು, ಅಧಿಕಾರಿಯ ಹೆಸರು, ಹುದ್ದೆ, ಸಹಿ, ಮೊಹರು ಇರಬೇಕು. ಕೋರ್ಟಿಗೆ ಬೇಕಾಗುವುದು ಅದು. ಹಿಂದೆ ಸಾಕ್ಷ್ಯ ಕಾಯ್ದೆಯ 76ನೇ ಕಲಂ ಎನ್ನುತ್ತಿದ್ದರು, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 75ನೇ ಕಲಂ. ಕಾಗದ ಕೈಗೆ ಕೊಟ್ಟಾಗ ಅಲ್ಲೇ ನಿಂತು ಪ್ರತಿ ಪುಟ ನೋಡಿ. ಮೊಹರು ಇಲ್ಲದ ಜೆರಾಕ್ಸ್ ತಂದು ವಕೀಲರಿಗೆ ಕೊಟ್ಟರೆ ಮತ್ತೆ ವಾಪಸ್ ಕಳಿಸುತ್ತಾರೆ.

ಆರ್‌ಟಿಐ ಹಾಕುವುದು ಯಾರ ಮೇಲೂ ಯುದ್ಧ ಅಲ್ಲ. ಅದು ನಿಮ್ಮ ಹಕ್ಕು. ಯಾಕೆ ಬೇಕು ಎಂದು ಕಾರಣ ಬರೆಯಬೇಕಿಲ್ಲ, 6(2)ನೇ ಕಲಂ ಅದನ್ನೇ ಹೇಳುತ್ತದೆ. ಆದರೆ ಬರೆಯುವ ರೀತಿ ಮುಖ್ಯ. ನಮ್ಮ ರಾಜ್ಯದ 2008ರ ತಿದ್ದುಪಡಿ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಐದಾರು ವಿಷಯ ಸೇರಿಸಿ ಮೂರು ಪುಟ ಬರೆದರೆ ಅದೇ ನೆಪದಲ್ಲಿ ವಾಪಸ್ ಬರುತ್ತದೆ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಲಗತ್ತಿಸಿ. ಎ4 ಪುಟಕ್ಕೆ 2 ರೂಪಾಯಿ.

ನಾನು ಹೀಗೆ ಬರೆಯುತ್ತೇನೆ:

"ಗೆ, ಸಾರ್ವಜನಿಕ ಮಾಹಿತಿ ಅಧಿಕಾರಿ, ತಹಸೀಲ್ದಾರ್ ಕಚೇರಿ. ವಿಷಯ: ಇಂಥ ಹೋಬಳಿ, ಇಂಥ ಗ್ರಾಮದ ಸರ್ವೆ ನಂಬರ್ ಇಷ್ಟಕ್ಕೆ ಸಂಬಂಧಿಸಿದ ಭೂ ನ್ಯಾಯಮಂಡಳಿ ಕಡತ. 1) ಎಂ.ಆರ್. ನಂಬರ್ ಇಷ್ಟು, ವರ್ಷ ಇಷ್ಟು, ಇದರ ಪೂರ್ತಿ ನಮೂದಿನ ದೃಢೀಕೃತ ನಕಲು ಕೊಡಿ. 2) ಈ ಸರ್ವೆ ನಂಬರಿಗೆ 1974ರಿಂದ 1979ರವರೆಗೆ ಸಲ್ಲಿಕೆಯಾದ ನಮೂನೆ 7ರ ನೋಂದಣಿ ಪುಟದ ನಕಲು ಕೊಡಿ. 3) ಸದರಿ ಕಡತವನ್ನು ಮತ್ತು ಆ ವರ್ಷದ ರಿಜಿಸ್ಟರನ್ನು ಖುದ್ದು ಪರಿಶೀಲಿಸಲು ದಿನ ಮತ್ತು ಸಮಯ ತಿಳಿಸಿ. ಈ ಮಾಹಿತಿ ಬೇರೆ ಕಚೇರಿಯಲ್ಲಿದ್ದರೆ 6(3)ರಂತೆ ಅಲ್ಲಿಗೆ ವರ್ಗಾಯಿಸಿ."

ಮೂರನೆಯ ಸಾಲು ಬಿಡಬೇಡಿ. ಪರಿಶೀಲನೆ ಕೂಡ 2(ಜೆ) ಕಲಂನಲ್ಲಿ ಬರುವ ಹಕ್ಕು. ನೀವೇ ರಿಜಿಸ್ಟರ್ ತಿರುಗಿಸಿ ನೋಡಿದರೆ ಗುಮಾಸ್ತರು ಬಿಟ್ಟ ನಮೂದು ನಿಮ್ಮ ಕಣ್ಣಿಗೆ ಬೀಳುತ್ತದೆ. ಅಜ್ಜನ ಹೆಸರನ್ನು ಹೇಗೆಲ್ಲ ಬರೆದಿರಬಹುದು ಎಂದು ಮನೆಯವರಿಗೇ ಚೆನ್ನಾಗಿ ಗೊತ್ತಿರುತ್ತದೆ. ತಿಮ್ಮಪ್ಪ ಎಂಬುದು ತಿಮ್ಮ ಆಗಿರುತ್ತದೆ, ಬಿನ್ ಪಕ್ಕದ ಹೆಸರು ತಪ್ಪಿರುತ್ತದೆ.

"ಯಾಕೆ ಕೊಟ್ಟಿಲ್ಲ", "ಯಾರು ಹೊಣೆ" ಎಂಬ ಪ್ರಶ್ನೆ ಹಾಕಬೇಡಿ. ಕಾಗದ ಕೇಳಿ, ವಿವರಣೆ ಕೇಳಬೇಡಿ. ಅರ್ಜಿ ಟಪಾಲು ವಿಭಾಗದಲ್ಲಿ ಕೊಟ್ಟರೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ದೂರ ಇದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ.

ಕಾವೇರಿ ಕಡೆಯವಳು

30 ದಿನ ಆದರೂ ಉತ್ತರ ಬಾರದಿದ್ದರೆ?

ಊರ ಮಾಹಿತಿ

ಅಕ್ಕ, ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಯಾರಿಗೆ ಎಂಬುದು ಕಚೇರಿಯ ಬೋರ್ಡಿನಲ್ಲಿ ಇರಬೇಕು, ತಾಲೂಕು ಕಚೇರಿಯದ್ದು ಸಾಮಾನ್ಯವಾಗಿ ಉಪವಿಭಾಗಾಧಿಕಾರಿ ಹತ್ತಿರ ಹೋಗುತ್ತದೆ. ಅವರು 30 ದಿನದಲ್ಲಿ, ಹೆಚ್ಚೆಂದರೆ 45 ದಿನದಲ್ಲಿ ತೀರ್ಮಾನ ಮಾಡಬೇಕು. ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗ. ಬೆಂಗಳೂರಿನಲ್ಲಿದೆ, ಬೆಳಗಾವಿ ಮತ್ತು ಕಲಬುರಗಿಯಲ್ಲಿ ಪೀಠಗಳಿವೆ. ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಹಾಕುವ ಅಧಿಕಾರ ಆಯೋಗಕ್ಕಿದೆ. ಆದರೆ ಅಲ್ಲಿ ಬಾಕಿ ಪ್ರಕರಣ ಬಹಳ. ಹಾಗಾಗಿ ಮೊದಲ ಮೇಲ್ಮನವಿಯನ್ನು ಕಾಟಾಚಾರಕ್ಕೆ ಬರೆಯಬೇಡಿ. ನನಗೆ ಕಂಡಂತೆ ಎಷ್ಟೋ ಕಾಗದ ಆ ಹಂತದಲ್ಲೇ ಹೊರಗೆ ಬರುತ್ತದೆ. ಗಡುವು ಮೀರಿದ ಮೇಲೆ ಕೊಟ್ಟರೆ ಪುಟದ ಶುಲ್ಕ ಕೇಳುವಂತಿಲ್ಲ, ಅದು 7(6).

ಅಡಿಕೆ ತೋಟ

ಇಷ್ಟೆಲ್ಲ ಯಾಕೆ? ಕಚೇರಿ ಹೊರಗೆ ಕೂತಿರುವವರಿಗೆ ದುಡ್ಡು ಕೊಟ್ಟರೆ ಮಾರನೇ ದಿನ ಕಾಗದ ತಂದು ಕೊಡುತ್ತಾರೆ. ನಮ್ಮೂರಲ್ಲಿ ಎಲ್ಲರೂ ಹಾಗೇ ಮಾಡುವುದು.

ಹಳೇ ಕಡತ

ಬೇಡ ತಮ್ಮಾ. ಲಂಚ ತಪ್ಪು ಎಂಬುದು ಒಂದು ಕಡೆ ಇರಲಿ. ಆ ಕಾಗದ ನಿಜವಾಗಿ ಆ ಕಪಾಟಿನಿಂದ ಬಂತು ಎಂದು ನಿಮಗೆ ಹೇಗೆ ಗೊತ್ತು? ನಕಲಿ ಸಾಗುವಳಿ ಚೀಟಿಗಳ (ಸರ್ಕಾರ ಜಮೀನು ಮಂಜೂರು ಮಾಡಿ ಕೊಡುವ ಪತ್ರ) ಕೇಸುಗಳು ರಾಜ್ಯದ ಎಷ್ಟೋ ತಾಲೂಕುಗಳಲ್ಲಿ ನಡೆದಿವೆ. ಕಾಗದ ನೋಡಲು ಅಸಲಿಯಂತೆಯೇ ಇರುತ್ತದೆ. ಆದರೆ ದರಖಾಸ್ತು (ಜಮೀನು ಮಂಜೂರಾತಿ ಅರ್ಜಿ) ರಿಜಿಸ್ಟರಿನಲ್ಲಿ, ಚೀಟಿ ಕೊಟ್ಟ ರಿಜಿಸ್ಟರಿನಲ್ಲಿ ಆ ನಂಬರ್ ಇರುವುದಿಲ್ಲ. ಹತ್ತು ವರ್ಷ ಆದ ಮೇಲೆ ಯಾರೋ ತಕರಾರು ಹಾಕುತ್ತಾರೆ, ಆಗ ಕಟಕಟೆಯಲ್ಲಿ ನಿಲ್ಲುವವರು ಕಾಗದ ಹಿಡಿದುಕೊಂಡ ನೀವು. ನಿಮ್ಮ ಹೆಸರಲ್ಲಿ ಅರ್ಜಿ, ನಿಮ್ಮ ಹೆಸರಲ್ಲಿ ರಸೀದಿ, ಅದರ ಮೇಲೆ ಬಂದ ನಕಲು. ಈ ಮೂರೂ ಇದ್ದರೆ ಯಾರ ಮುಂದೆ ಬೇಕಾದರೂ ಇಡಬಹುದು.

ಸರ್ಕಾರದಿಂದ ಮಂಜೂರಾದ ಜಮೀನು ಇರುವವರು ಚೀಟಿಯ ನಕಲು ತೆಗೆಸಿ ಸುಮ್ನೆ ಆಗಬೇಡಿ. ರಿಜಿಸ್ಟರ್ ಪುಟದ ನಕಲನ್ನೂ ತೆಗೆಸಿ. ಪರಿಶಿಷ್ಟ ಜಾತಿ, ಪಂಗಡದ ಕುಟುಂಬಗಳಿಗಂತೂ ಇದು ಬಹಳ ಮುಖ್ಯ. ಅವರಿಗೆ ಮಂಜೂರಾದ ಜಮೀನಿನ ಪರಭಾರೆ ನಿಷೇಧಿಸುವ 1978ರ ಕಾಯ್ದೆಯಲ್ಲಿ (ಪಿಟಿಸಿಎಲ್) ಪರಭಾರೆ ಆದ ಜಮೀನು ವಾಪಸ್ ಕೇಳಬೇಕಾದರೆ, ಜಮೀನು ಮಂಜೂರಾಗಿದ್ದು ಯಾವಾಗ, ಯಾವ ಷರತ್ತಿನ ಮೇಲೆ ಎಂಬುದೇ ಎಲ್ಲಕ್ಕೂ ಆಧಾರ. ಆ ಕಡತ ಕೈಯಲ್ಲಿ ಇಲ್ಲದೆ ಬಡವರು ಸೋತಿದ್ದನ್ನು ನೋಡಿದ್ದೇನೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿರುವುದು.

ಅಡಿಕೆ ತೋಟ

ಸರಿ ಸರ್. ಈ ಕಡೆಯಿಂದ ಯೋಚನೆ ಮಾಡಿರಲಿಲ್ಲ. ನಮ್ಮದೂ ಮಂಜೂರಾದ ಜಮೀನು, ರಿಜಿಸ್ಟರ್ ಪುಟಕ್ಕೆ ಅರ್ಜಿ ಹಾಕುತ್ತೇನೆ.

ತುಂಗೆಯ ದಂಡೆ

ಹಳೇ ಕಡತ ಸರ್, ಎಂ.ಆರ್. ನಕಲು ಬಂತು. ಟ್ರಿಬ್ಯುನಲ್ ನಂಬರ್, ಆದೇಶದ ತಾರೀಕು ಎರಡೂ ಇದೆ. ಆದರೆ ಮೂಲ ಕಡತಕ್ಕೆ ಅರ್ಜಿ ಹಾಕಿದರೆ "ಕಡತ ಲಭ್ಯವಿಲ್ಲ" ಎಂದು ಒಂದು ಸಾಲಿನ ಹಿಂಬರಹ. ಮನೆಯಲ್ಲಿ ಎಲ್ಲರಿಗೂ ಬೇಸರ ಆಗಿದೆ.

ಹಳೇ ಕಡತ

ಬೇಸರ ಮಾಡಿಕೊಳ್ಳಬೇಡಿ. ಟ್ರಿಬ್ಯುನಲ್ ಕೇಸಿನ ಕಾಗದ ಒಂದೇ ಕಡೆ ಇರುವುದಿಲ್ಲ. ಬಹಳ ಜನಕ್ಕೆ ಗೊತ್ತಿಲ್ಲದ ಜಾಗ ಹೇಳುತ್ತೇನೆ. ಭೂ ಸುಧಾರಣಾ ಕಾಯ್ದೆಯ 55ನೇ ಕಲಂ ನೋಡಿ. ಅಧಿಭೋಗದಾರನ ಪ್ರಮಾಣಪತ್ರ, ಅಂದರೆ ಫಾರಂ 10, ಅದನ್ನು ಕೊಟ್ಟ ತಹಸೀಲ್ದಾರರು ಒಂದು ಪ್ರತಿಯನ್ನು ಸಬ್ ರಿಜಿಸ್ಟ್ರಾರ್‌ಗೆ ಕಳಿಸಬೇಕು. ಅವರು ಅದನ್ನು ನೋಂದಾಯಿಸಬೇಕು. ಹಾಗಾಗಿ ಫಾರಂ 10ಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹುಡುಕಿಸಿ. ಗೇಣಿದಾರ ಅಧಿಭೋಗದಾರನಾಗಿ ನೋಂದಣಿ ಆದದ್ದಕ್ಕೆ ಆ ಪ್ರಮಾಣಪತ್ರವೇ ನಿರ್ಣಾಯಕ ಸಾಕ್ಷ್ಯ ಎಂದು ಅದೇ ಕಲಂ ಹೇಳುತ್ತದೆ.

ಟ್ರಿಬ್ಯುನಲ್ ಅಧ್ಯಕ್ಷರು ಉಪವಿಭಾಗಾಧಿಕಾರಿ ಆಗಿದ್ದರು. ಅವರ ಕಚೇರಿಯಲ್ಲೂ ಕೇಳಿ. ಮಾಲೀಕರು ಆದೇಶದ ವಿರುದ್ಧ ಹೈಕೋರ್ಟಿಗೆ ಹೋಗಿದ್ದರೆ ಆ ಕೇಸಿನಲ್ಲಿ ಆದೇಶದ ಪ್ರತಿ ಲಗತ್ತಾಗಿರುತ್ತದೆ. ಕೋರ್ಟಿನ ಕಾಗದಕ್ಕೆ ಮಾತ್ರ ಆರ್‌ಟಿಐ ಹಾಕಬೇಡಿ, ಕೋರ್ಟಿನ ನಿಯಮದಂತೆ ನಕಲು ಅರ್ಜಿಯೇ ಹಾಕಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಎದುರು ಪಾರ್ಟಿಯ ಮನೆಯಲ್ಲೂ ಒಂದು ಪ್ರತಿ ಇರುತ್ತದೆ. ಈಗ ದ್ವೇಷ ಇಲ್ಲದಿದ್ದರೆ ಹೋಗಿ ಕೇಳಿ. ಕೊಟ್ಟವರೂ ಇದ್ದಾರೆ.

ಊರ ಮಾಹಿತಿ

ಒಂದು ಸಾಲಿನ ಹಿಂಬರಹವನ್ನೂ ಹಾಗೇ ಬಿಡಬೇಡಿ. ಕಡತ ಕಳೆದಿದೆ ಎಂಬುದು ಮಾಹಿತಿ ಕೊಡದಿರಲು ಕಾಯ್ದೆಯಲ್ಲಿ ಇರುವ ವಿನಾಯಿತಿ ಅಲ್ಲ. ಸರಿಯಾಗಿ ಹುಡುಕಬೇಕು, ಸಿಗದಿದ್ದರೆ ಹೊಣೆ ಯಾರದ್ದು ಎಂದು ತನಿಖೆ ಮಾಡಬೇಕು ಎಂದು ದೆಹಲಿ ಹೈಕೋರ್ಟ್ 2013ರಲ್ಲಿ ಹೇಳಿದೆ. ಮೇಲ್ಮನವಿಯಲ್ಲಿ ಇಷ್ಟು ಕೇಳಿ: ಆ ವರ್ಷದ ಟ್ರಿಬ್ಯುನಲ್ ರಿಜಿಸ್ಟರ್ ಪುಟ, ಕಡತ ರೆಕಾರ್ಡ್ ರೂಂಗೆ ಒಳಗೆ ಬಂದ ನಮೂದು, ಹೊರಗೆ ಹೋಗಿದ್ದರೆ ಯಾವ ಶಾಖೆಗೆ ಹೋಯಿತು ಎಂಬ ನಮೂದು, ನಾಶ ಮಾಡಿದ ಕಡತಗಳ ಪಟ್ಟಿಯಲ್ಲಿ ಇದೆಯೋ ಇಲ್ಲವೋ. ಎಷ್ಟೋ ಸಲ ಕಡತ ಯಾವುದೋ ಹಳೆ ವಿಚಾರಣೆಗೆ ಹೋಗಿ ಬೇರೆ ಶಾಖೆಯ ಮೇಜಿನ ಕೆಳಗೆ ಉಳಿದಿರುತ್ತದೆ. ಹೊರಗೆ ಹೋದ ನಮೂದು ಸಿಕ್ಕರೆ ಅದು ಎಲ್ಲಿದೆ ಎಂದು ಹಿಡಿಯಬಹುದು.

ಇನ್ನೊಂದು. ತಾಲೂಕು ರೆಕಾರ್ಡ್ ರೂಂಗಳ ಹಳೆ ಕಾಗದ ಸ್ಕ್ಯಾನ್ ಮಾಡುವ ಭೂ ಸುರಕ್ಷಾ ಯೋಜನೆ 2024ರಲ್ಲಿ ಶುರುವಾಯಿತು, ಮೊದಲು ಜಿಲ್ಲೆಗೆ ಒಂದು ತಾಲೂಕಿನಂತೆ. ನಿಮ್ಮ ತಾಲೂಕಿನಲ್ಲಿ ನಿಮ್ಮ ಹೋಬಳಿಯ ಸ್ಕ್ಯಾನ್ ಆಗಿದೆಯಾ ವಿಚಾರಿಸಿ. ಗಂಟು ಬಿಚ್ಚಿ ಪುಟ ಪುಟ ಸ್ಕ್ಯಾನ್ ಮಾಡುವಾಗ, ತಪ್ಪು ಗಂಟಿನಲ್ಲಿ ಸೇರಿದ್ದ ಕಡತಗಳೂ ಹೊರಗೆ ಬರುತ್ತವೆ.

ಮಗ್ಗದ ಮನೆ

ಸಬ್ ರಿಜಿಸ್ಟ್ರಾರ್ ಕಚೇರಿ ಬಗ್ಗೆ ನಾನು ಸ್ವಲ್ಪ ಸೇರಿಸುತ್ತೇನೆ, ಪತ್ರ ಬರಹಗಾರರ ಹತ್ತಿರ ಕೆಲಸ ಕಲಿತವಳು. ಕಾವೇರಿ ಪೋರ್ಟಲ್‌ನಲ್ಲಿ ಇ.ಸಿ. (ಋಣಭಾರ ಪ್ರಮಾಣಪತ್ರ) ಸಿಗುವುದು ಹೆಚ್ಚು ಕಡಿಮೆ 2004ರಿಂದ ಈಚೆಗೆ. ಅದಕ್ಕಿಂತ ಹಿಂದಿನದ್ದು ಕಚೇರಿಯಲ್ಲೇ ಹುಡುಕಿಸಬೇಕು. ಅಲ್ಲಿ ಎರಡು ಇಂಡೆಕ್ಸ್ ಇವೆ, ಒಂದು ಹೆಸರಿನದ್ದು, ಇನ್ನೊಂದು ಆಸ್ತಿಯದ್ದು. ಆದೇಶದ ತಾರೀಕು ಗೊತ್ತಿದೆ ಅಲ್ವಾ? ಅಲ್ಲಿಂದ ಮುಂದಿನ ಐದಾರು ವರ್ಷ ಎರಡೂ ಇಂಡೆಕ್ಸ್ ಹುಡುಕಿಸಿ. ಸ್ಥಿರ ಆಸ್ತಿಯ ಪತ್ರಗಳು ಇರುವ 1ನೇ ಪುಸ್ತಕವನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, ನೋಂದಣಿ ಕಾಯ್ದೆಯ 57ನೇ ಕಲಂ. ಉಯಿಲು ಇರುವ 3ನೇ ಪುಸ್ತಕಕ್ಕೆ ಆ ರಿಯಾಯಿತಿ ಇಲ್ಲ. ಅರ್ಜಿಯಲ್ಲಿ ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿ, ಬರೆಯಿರಿ. ಹಳೆ ಪತ್ರದಲ್ಲಿ ಸರ್ವೆ ನಂಬರ್ ತಪ್ಪಿದ್ದರೂ ಚಕ್ಕುಬಂದಿಯಿಂದ ಗುರುತು ಹಿಡಿಯಬಹುದು.

ಹೊರನಾಡಿನಲ್ಲಿ

ನಾನು ಅಮೆರಿಕದಲ್ಲಿದ್ದೇನೆ, ಅಲ್ಲಿಯ ಪೌರತ್ವ ತೆಗೆದುಕೊಂಡಿದ್ದೇನೆ. ಓಸಿಐ ಕಾರ್ಡ್ ಇದೆ. ಊರಿನ ಮನೆ ಜಾಗದ ದಾಖಲೆಗೆ ಪಂಚಾಯಿತಿಗೆ ಆರ್‌ಟಿಐ ಹಾಕಬಹುದಾ?

ಊರ ಮಾಹಿತಿ

ನಿಮ್ಮ ಹೆಸರಲ್ಲಿ ಆಗುವುದಿಲ್ಲ ಸರ್. ಮಾಹಿತಿ ಹಕ್ಕು ಭಾರತದ ಪ್ರಜೆಗಳಿಗೆ ಮಾತ್ರ. ಊರಲ್ಲಿರುವ ಅಣ್ಣನೋ ತಂಗಿಯೋ ಅವರ ಹೆಸರಲ್ಲೇ ಹಾಕಲಿ. ಮನೆ ಜಾಗಕ್ಕೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ಆಸ್ತಿ ದಾಖಲೆಯ ನಮೂನೆ 9, ನಮೂನೆ 11 ಕೇಳಿ. ಇ-ಸ್ವತ್ತು (ಪಂಚಾಯಿತಿ ಆಸ್ತಿ ದಾಖಲೆಯ ಕಂಪ್ಯೂಟರ್ ವ್ಯವಸ್ಥೆ) ಬರುವುದಕ್ಕಿಂತ ಹಿಂದಿನದ್ದಾದರೆ ಹಳೆ ಡಿಮ್ಯಾಂಡ್ ರಿಜಿಸ್ಟರ್ (ತೆರಿಗೆ ಪುಸ್ತಕ). ನಿವೇಶನ ಪಂಚಾಯಿತಿ ಹಂಚಿದ್ದಾದರೆ ಆ ಸಭೆಯ ನಡವಳಿ ಪುಸ್ತಕದ ಪುಟವನ್ನೂ ಕೇಳಿ. ಈಗಿನ ಗ್ರಾಮ ಪಂಚಾಯಿತಿಗಳು 1993ರ ಕಾಯ್ದೆಯ ನಂತರದವು. ಅದಕ್ಕೆ ಮೊದಲು ಮಂಡಲ ಪಂಚಾಯಿತಿ ಇತ್ತು. ಆ ಕಾಲದ ರಿಜಿಸ್ಟರ್, ಮಂಡಲದ ಕೇಂದ್ರವಾಗಿದ್ದ ಪಕ್ಕದ ಹಳ್ಳಿಯ ಪಂಚಾಯಿತಿಯಲ್ಲಿ ಇರಬಹುದು.

ಕಾವೇರಿ ಕಡೆಯವಳು

ಕೊನೆಗೆ ನನ್ನದೂ ಒಂದು. ಪೌತಿ ಖಾತೆಗೆ ಅಜ್ಜಿಯ ಮರಣ ಪ್ರಮಾಣಪತ್ರ ಕೇಳುತ್ತಿದ್ದಾರೆ. ತೀರಿಕೊಂಡಿದ್ದು 80ರ ದಶಕದಲ್ಲಿ, ವರ್ಷ ಸರಿಯಾಗಿ ಯಾರಿಗೂ ನೆನಪಿಲ್ಲ. ಮನೆಯಲ್ಲೇ ತೀರಿಕೊಂಡರು.

ಹಳೇ ಕಡತ

ಹಳ್ಳಿಯ ಜನನ ಮರಣ ನೋಂದಣಿ ಗ್ರಾಮ ಲೆಕ್ಕಿಗರ ಕೈಯಲ್ಲಿತ್ತು ತಾಯಿ. ಹಳೆ ಪುಸ್ತಕಗಳು ತಾಲೂಕು ಕಚೇರಿಗೆ ಬಂದಿರುತ್ತವೆ. 1969ರ ಕಾಯ್ದೆಯ 17ನೇ ಕಲಂನಂತೆ ಯಾರು ಬೇಕಾದರೂ ಶುಲ್ಕ ಕಟ್ಟಿ ಹುಡುಕಿಸಬಹುದು, ನಕಲು ಪಡೆಯಬಹುದು. ಮರಣದ ಕಾರಣ ಮಾತ್ರ ಆ ನಕಲಿನಲ್ಲಿ ಇರುವುದಿಲ್ಲ. ವರ್ಷ ಹಿಡಿಯಲು ಮನೆಯವರ ನೆನಪು ಕೆದಕಿ. ಯಾರ ಮದುವೆಗೆ ಮೊದಲು, ಯಾವ ಮಗು ಹುಟ್ಟಿದ ಮೇಲೆ ಎಂದು ಕೇಳಿದರೆ ಎರಡು ಮೂರು ವರ್ಷದ ಅಂತರಕ್ಕೆ ಬರುತ್ತದೆ. ಅರ್ಜಿಯಲ್ಲಿ ಅಷ್ಟೂ ವರ್ಷ ಬರೆಯಿರಿ. ಅಜ್ಜಿಯ ಹೆಸರಿನ ಜೊತೆ ಗಂಡನ ಹೆಸರು, ಊರಿನ ಹಳೆ ಹೆಸರು ಇದ್ದರೆ ಅದನ್ನೂ ಹಾಕಿ. ನಮೂದು ಇಲ್ಲ ಎಂದಾದರೆ ಅಲಭ್ಯ ಪ್ರಮಾಣಪತ್ರ ಬರವಣಿಗೆಯಲ್ಲಿ ತೆಗೆದುಕೊಳ್ಳಿ, ತಡವಾದ ನೋಂದಣಿಗೆ ಹೋಗುವಾಗ ಮೊದಲು ಕೇಳುವುದೇ ಅದನ್ನು.